ಕಾಲುವೆ ದಂಡೆಯ ಇಪ್ಪತ್ತೆರಡು ಬೇವು

ಮಸ್ಕಿ
19 ಜನವರಿ 2025, ಭಾನುವಾರ

ದುರ್ಗಾದೇವಿಯ ಅಪ್ಪನವರಿಗೆ ಮನೆಯಿಂದ ನಮಸ್ಕಾರಗಳು.

ಮೊದಲು ಕಾಲಿನ ಸುದ್ದಿ ತಿಳಿಸಿ. ಸಿಮೆಂಟಿನ ಪಟ್ಟಿ ಬಿಚ್ಚಿದರೋ, ಇನ್ನೂ ಇದೆಯೋ? ನಿದ್ದೆ ಬರುತ್ತದೆಯೇ? ಫೋನಿನಲ್ಲಿ ಕೇಳೋಣವೆಂದರೆ ನಿಮ್ಮ ಕಿವಿಯ ಸಂಗತಿ ಗೊತ್ತೇ ಇದೆ. ಮಗಳು ದುರ್ಗಾದೇವಿ ಫೋನನ್ನು ಕಿವಿಗೆ ಹಿಡಿದರೆ ಎಲ್ಲದಕ್ಕೂ ಹೂಂ ಹೂಂ ಅನ್ನುತ್ತೀರಿ. ಆ ಹೂಂ ನೋವಿದೆ ಅನ್ನುವುದಕ್ಕೋ ಇಲ್ಲ ಅನ್ನುವುದಕ್ಕೋ ನನಗೆ ತಿಳಿಯುವುದಿಲ್ಲ. ಅದಕ್ಕೇ ಪತ್ರ ಬರೆಯಲು ಕುಳಿತಿದ್ದೇನೆ. ಏಳನೇ ತರಗತಿಯ ಅಕ್ಷರ, ಸಾವಕಾಶ ಓದಿ. ರಾಯಚೂರಿನಲ್ಲಿ ಮಗಳು ಮಾಡಿದ್ದನ್ನು ಉಣ್ಣಿರಿ, ಉಪ್ಪು ಕಡಿಮೆಯಾಯಿತು ಎಂದು ಅವಳ ಮೇಲೆ ಮುಖ ಗಂಟು ಹಾಕಬೇಡಿ. ಆ ಸಿಟ್ಟನ್ನೆಲ್ಲ ನನಗಾಗಿ ಕೂಡಿಡಿ, ಬಂದ ಮೇಲೆ ತೀರಿಸಿಕೊಳ್ಳುವಿರಂತೆ.

ಇಲ್ಲಿ ಎಲ್ಲ ಕ್ಷೇಮ. ಎಮ್ಮೆಯನ್ನು ನಾಲ್ಕು ದಿನ ಪಕ್ಕದ ಮನೆಯ ಲಾಲ್‌ಬೀ ನೋಡಿಕೊಂಡಳು. ನಾಲ್ಕು ದಿನ ನೀನೆಲ್ಲಿ ಹೋಗಿದ್ದೆ ಎಂದು ಕೇಳುತ್ತೀರಿ. ಅದನ್ನು ಹೇಳುವುದಕ್ಕೇ ಇಷ್ಟು ಸುತ್ತು ಹೊಡೆಯುತ್ತಿದ್ದೇನೆ. ಸಿಂಧನೂರಿನ ಸಿದ್ದರಾಮನ ಸೈಕಲ್ ಪ್ರವಾಸಕ್ಕೆ ಹಾದಿ ತೋರಿಸಲು ನಿಮ್ಮ ಬದಲು ನಾನು ಹೋದೆ. ಮಗಳಿಗೆ ಗೊತ್ತಿತ್ತು. ನಿಮಗೆ ಹೇಳಬೇಡ ಅಂದವಳು ನಾನೇ, ಅವಳನ್ನು ಬೈಯಬೇಡಿ.

ನೀವು ಡಿಸೆಂಬರಿನಲ್ಲಿ ಅವನನ್ನು ಕರೆದುಕೊಂಡು ಒಂದೊಂದು ಕವಲೂ ತೋರಿಸಿದ್ದಿರಿ. ಆಮೇಲೆ ನೋಡಿದರೆ, ಮೂವತ್ತು ವರ್ಷ ಕಣ್ಣು ಮುಚ್ಚಿ ಇಳಿದ ಕಾಲುವೆಯ ಮೆಟ್ಟಿಲಲ್ಲೇ ಜಾರಿ ಬಿದ್ದಿರಿ. ಸಂಕ್ರಾಂತಿಗೆ ಎರಡು ದಿನ ಇರುವಾಗ ಆ ಹುಡುಗ ಬಂದು ಕಟ್ಟೆಯ ಮೇಲೆ ತಲೆ ಹಿಡಿದು ಕುಳಿತ. ಹೊರಗಿನಿಂದ ಎಂಟು ಜನ ಬರುವವರಿದ್ದರು. ಡಾಂಬರು ರಸ್ತೆ ಬೇಡ, ಗರಸಿನ ಹಾದಿಯೇ ಬೇಕು ಎನ್ನುವವರು. ಕಾಕಾ ಇಲ್ಲದಿದ್ದರೆ ಬೇಡವೆಂದು ಹೇಳಿಬಿಡುತ್ತೇನೆ ಅಂದ. ನೀವು ಕಾಲುವೆ ಕಾಯುವಾಗ ಬುತ್ತಿ ಒಯ್ದು ಒಯ್ದು ಆ ಹಾದಿ ನನ್ನ ಕಾಲಿಗೇ ಗೊತ್ತು. ಮುಕ್ಕುಂದ ನನ್ನ ತವರು, ಮುದಗಲ್ಲಿನ ಕಡೆ ನಿಮ್ಮ ಅಕ್ಕನ ಊರು. ಇನ್ನೇನು ಉಳಿಯಿತು? ನಾನು ಬರುತ್ತೇನೆ ಅಂದೆ.

ಆ ಸೈಕಲ್ಲುಗಳನ್ನು ನೀವು ನೋಡಬೇಕಿತ್ತು. ಗಾಲಿಗಳು ದಪ್ಪ, ಹಿಂದೆ ಕ್ಯಾರಿಯರ್ ಇಲ್ಲ, ಬೆಲ್ಲಿಲ್ಲ. ಇದರ ಮೇಲೆ ಹುಲ್ಲಿನ ಹೊರೆ ಹೇಗೆ ತರುತ್ತಾರೆ ಎಂದು ಕೇಳಿದ್ದಕ್ಕೆ ಎಲ್ಲರೂ ನಕ್ಕರು. ನಾನು ಸಾಮಾನಿನ ಗಾಡಿಯಲ್ಲಿ ಮುಂದೆ ಕುಳಿತೆ. ಗಾಡಿ ಹೊಡೆಯುವವನು ದಾನಿಷ್. ಮಸ್ಕಿಯ ಹುಡುಗನೇ, ಸೈಕಲ್ ರಿಪೇರಿಯನ್ನೂ ಅವನೇ ಮಾಡುತ್ತಾನೆ. ಕವಲು ಬಂದಲ್ಲಿ ನಾನು ಕೈ ತೋರಿಸುವುದು, ಅವನು ತಿರುಗಿಸುವುದು, ಹಿಂದೆ ಎಂಟು ಜನರ ಸಾಲು. ಮೊದಲ ದಿನ ಸಿಂಧನೂರಿನಿಂದ ಮುಕ್ಕುಂದಕ್ಕೆ ಹೋದೆವು. ಗದ್ದೆಗಳಲ್ಲಿ ಎರಡನೇ ಬೆಳೆಯ ನಾಟಿ ನಡೆದಿತ್ತು. ನಾಟಿಯ ಹೆಣ್ಣುಮಕ್ಕಳು ಸೊಂಟ ನೆಟ್ಟಗೆ ಮಾಡಿ ನಮ್ಮನ್ನು ನೋಡಿದರು. ಗಾಡಿಯಲ್ಲಿ ಕುಳಿತವಳು ನಾನು ಎಂದು ಗುರುತಾದ ಕೂಡಲೇ ಒಬ್ಬಳು ಗದ್ದೆಯಿಂದಲೇ ಕೇಳಿದಳು, ಮುದುಕನನ್ನು ಎಲ್ಲಿ ಬಿಟ್ಟು ಹೊರಟೆ ಎಂದು. ತವರಿನವರ ಬಾಯಿ ನಿಮಗೆ ಗೊತ್ತೇ ಇದೆ.

ಎರಡನೇ ದಿನ ಮಸ್ಕಿಯ ಕಡೆ ತಿರುಗಿ ನಿಮ್ಮ ಕಾಲುವೆ ದಂಡೆ ಹಿಡಿದೆವು. ಕಾಲುವೆ ತುಂಬ ನೀರು. ಹಾದಿ ಹಾಗೆಯೇ ಇದೆ, ನಡುವೆ ಹುಲ್ಲು, ಎರಡೂ ಕಡೆ ಗರಸು. ನಮ್ಮ ಕ್ವಾರ್ಟರ್ಸಿನ ಗೋಡೆ ಬಿದ್ದಿದೆ, ನನ್ನ ಒಲೆಯ ಮೂಲೆ ಮಾತ್ರ ಕಪ್ಪಗೆ ಉಳಿದಿದೆ. ಗಾಡಿ ನಿಲ್ಲಿಸಲು ಹೇಳಿ ಸ್ವಲ್ಪ ಹೊತ್ತು ಅಲ್ಲೇ ನಿಂತೆ. ಹತ್ತೊಂಬತ್ತು ವರ್ಷದವಳನ್ನು ಆ ಮನೆಗೆ ಕರೆತಂದಿದ್ದಿರಿ. ಹಗಲೆಲ್ಲ ನೀರಿನ ಸದ್ದು ಬಿಟ್ಟರೆ ಮಾತಾಡಲು ಒಂದು ಪಿಳ್ಳೆಯೂ ಇರಲಿಲ್ಲ. ನನಗೆ ಬೇಸರವೆಂದು ತಿಳಿದು ನೀವು ಸೈಕಲ್ ಕಲಿಸಿದಿರಿ, ನೆನಪಿದೆಯೇ? ಹಿಂದೆ ಕ್ಯಾರಿಯರ್ ಹಿಡಿದು ಓಡುತ್ತಿದ್ದಿರಿ. ಯಾರಾದರೂ ಬಂದರೆ ಸಾಕು, ಸೈಕಲ್ ನಿಮ್ಮ ಕೈಗೆ, ಸೆರಗು ನನ್ನ ತಲೆಗೆ. ನೀರು ಬಿಡಲು ಬಂದ ಸಾಹೇಬರೊಬ್ಬರು ನೋಡಿಯೂ ನೋಡದವರಂತೆ ಕಾಲುವೆಯ ಕಡೆ ಮುಖ ಮಾಡಿ ನಿಂತಿದ್ದರು. ಎಷ್ಟು ಒಳ್ಳೆಯ ಮನುಷ್ಯ!

ಅಲ್ಲಿಂದ ಮುಂದೆ ನಿಮ್ಮ ಬೇವಿನ ಸಾಲು. ತೂಬಿನಿಂದ ತೂಬಿನವರೆಗೆ ಇಪ್ಪತ್ತೆರಡು ಗಿಡ. ಗಿಡ ಅನ್ನಬಾರದು ಈಗ, ಒಂದೊಂದನ್ನು ತಬ್ಬಲು ನನ್ನ ಎರಡು ತೋಳು ಸಾಲವು. ಎಂಟೂ ಜನ ತಾವಾಗಿಯೇ ಇಳಿದು ನೆರಳಿನಲ್ಲಿ ಕುಳಿತರು. ಸಂಕ್ರಾಂತಿಯ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿದೆ. ಇಪ್ಪತ್ತೆರಡರಲ್ಲಿ ಒಂದೂ ಒಣಗಿಲ್ಲ, ಅದು ನೆಟ್ಟವರ ಕೈಗುಣ ಎಂದು ನೀವು ಬಂದವರಿಗೆಲ್ಲ ಹೇಳುವುದನ್ನು ನಾನೂ ಹೇಳಿದೆ. ಧಾರವಾಡದಿಂದ ಬಂದ ಮಹಾಲಕ್ಷ್ಮಿ ಎಂಬ ಟೀಚರು ತಮ್ಮ ಸೈಕಲ್ ತಂದು ನನ್ನ ಕೈಗೆ ಕೊಟ್ಟರು. ಬೇಡ ಬೇಡ ಎನ್ನುತ್ತಲೇ ಸೀರೆ ಎತ್ತಿ ಕಟ್ಟಿದೆ. ಬೀಳಲಿಲ್ಲ. ಮೊದಲ ಗಿಡದಿಂದ ಕೊನೆಯ ಗಿಡದವರೆಗೆ ಹೋಗಿ ಇಳಿದೆ. ಇಳಿದ ಮೇಲೆ ಹಿಂದೆ ತಿರುಗಿ ನೋಡಿದೆ. ಹಿಡಿಯಲು ಕ್ಯಾರಿಯರೂ ಇರಲಿಲ್ಲ, ಹಿಡಿದವರೂ ಇರಲಿಲ್ಲ. ನಿಮ್ಮ ನೆನಪು ಬಹಳ ಬಂತು.

ಈಗ ಮುಖ್ಯ ಸಂಗತಿ. ಸಿದ್ದರಾಮ ಈ ದಾರಿಯದೊಂದು ನಕ್ಷೆ ಮಾಡಿಸುತ್ತಿದ್ದಾನೆ. ಅಮಾವಾಸ್ಯೆ ದಾಟಿದ ಮೇಲೆ ಅಚ್ಚಿಗೆ ಕೊಡುತ್ತಾನಂತೆ. ಊರು, ಹಳ್ಳ, ತೂಬು, ಕುಡಿಯುವ ನೀರಿನ ಜಾಗ ಎಲ್ಲ ಅದರಲ್ಲಿರುತ್ತವೆ. ಬೇವಿನ ಸಾಲಿಗೂ ಹೆಸರು ಹಾಕಬೇಕು, ನೆಟ್ಟವರು ಯಾರು ಎಂದು ಕೇಳಿದ. ನಮ್ಮ ಮನೆಯವರು ಅಂದೆ. ಅವರ ಹೆಸರು ಅಂದ. ನಿಮ್ಮನ್ನು ಎಲ್ಲರೂ ಕರೆಯುವುದು ಕಾಲುವೆ ಕಾಕಾ ಎಂದೇ, ಅವನ ಫೋನಿನಲ್ಲೂ ಹಾಗೆಯೇ ಇದೆಯಂತೆ. ನಾನು ತಲೆ ಬಗ್ಗಿಸಿ ರೊಟ್ಟಿ ಮಡಚತೊಡಗಿದೆ. ಮದುವೆಯಲ್ಲಿ ಹೊಸಿಲು ತಡೆದವರಿಗಾಗಿ ಒಂದು ಒಡಪು ಕಟ್ಟಿ ನಿಮ್ಮ ಹೆಸರು ಹೇಳಿದ್ದೇ ಕೊನೆ, ಮೂವತ್ತಾರು ವರ್ಷವಾಯಿತು. ಗಂಡನ ಹೆಸರೆತ್ತಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಮ್ಮವ್ವ ಹೇಳಿದ್ದು ತಲೆಯಲ್ಲಿ ಕುಳಿತಿದೆ. ಅದರಲ್ಲೂ ನೀವು ಕಾಲು ಮುರಿದುಕೊಂಡು ಮಲಗಿರುವಾಗ! ದಾನಿಷ್ ನಕ್ಕು, "ಕಾಕಿ ಹೇಳಂಗಿಲ್ಲ ಬಿಡ್ರಿ ಅಣ್ಣಾ" ಅಂದ. ಸಿದ್ದರಾಮನಿಗೆ ಹೊತ್ತಾಗಿತ್ತು. ಇಬ್ಬರೂ ಒಂದೇ ಮನೆಯವರಲ್ಲವೇ ಎಂದು ನನ್ನ ಹೆಸರನ್ನೇ ಬರೆದುಕೊಂಡನಂತೆ. ಅದು ನನಗೆ ಆಗ ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ಮಸ್ಕಿಯ ಗುಡ್ಡದ ಶಾಸನ ತೋರಿಸಿದರು. ಇಷ್ಟು ವರ್ಷ ಅದರ ಪಕ್ಕದಲ್ಲೇ ಓಡಾಡಿದ್ದೇನೆ, ಅದರ ಮಹಿಮೆ ಮೊನ್ನೆ ತಿಳಿಯಿತು. ಬಹಳ ಕಡೆ ಆ ರಾಜನಿಗೆ ಬಿರುದು ಮಾತ್ರ ಇದೆಯಂತೆ, ಅಶೋಕ ಎಂಬ ಸ್ವಂತ ಹೆಸರು ಮೊದಲು ಸಿಕ್ಕಿದ್ದು ನಮ್ಮ ಊರಿನ ಬಂಡೆಯ ಮೇಲೆ. ಅಷ್ಟು ದೊಡ್ಡ ರಾಜನ ಹೆಸರನ್ನೂ ಹುಡುಕಬೇಕಾಯಿತೇ, ಅವನ ಹೆಂಡಿರೂ ನಮ್ಮಂಥವರೇ ಇದ್ದಿರಬೇಕು ಅಂದೆ. ಟೀಚರು ಬಿದ್ದು ಬಿದ್ದು ನಕ್ಕರು.

ಅವತ್ತು ಮುದಗಲ್‌ವರೆಗೆ ಎರೆ ಹೊಲಗಳ ಹಾದಿ. ಜೋಳ ಹಾಲುಗಾಳಿಗೆ ಬಂದಿದೆ. ನಿಮ್ಮ ಅಕ್ಕನ ಹೊಲದಲ್ಲಿ ಎಳೆ ತೆನೆ ಸುಟ್ಟು ಸೀತನಿ ಮಾಡಿ ಕೊಟ್ಟರು. ಎಂಟು ಜನರೂ ಬಾಯಿ ಕರಿ ಮಾಡಿಕೊಂಡು ತಿಂದರು. ಆ ವರ್ಷ ಕಾಮಾಲೆಯಾದಾಗ ಬೇಸಿಗೆಯ ಒಂದೂವರೆ ತಿಂಗಳು ನೀವು ಔಷಧಿಗೆ ಅಲ್ಲೇ ಇದ್ದಿರಲ್ಲ, ಆ ಪಡಸಾಲೆ ಹಾಗೆಯೇ ಇದೆ. ಮುದಗಲ್ಲಿನ ಕೋಟೆ ಬಾಗಿಲಲ್ಲಿ ಚಹಾ ಕುಡಿಯುವಾಗ ಸಿದ್ದರಾಮ ಫೋನಿನಲ್ಲಿ ನಕ್ಷೆ ತೋರಿಸಿದ. ಕಾಲುವೆಯ ನೀಲಿ ಗೆರೆ, ಅದರ ಪಕ್ಕ ಹಸಿರು ಚುಕ್ಕೆಗಳು, ಅದರ ಕೆಳಗೆ 'ಅಮರೇಶ್ವರಿ ಬೇವಿನ ಸಾಲು'.

ಆಗಲೇ ತಪ್ಪು ಎಂದು ಹೇಳಬೇಕಿತ್ತು. ಹೇಳಲಿಲ್ಲ. ನಿಮಗೆ ಸುಳ್ಳು ಹೇಳಲಾರೆ, ನನ್ನ ಹೆಸರನ್ನು ಅಲ್ಲಿ ನೋಡಿ ನನಗೆ ಖುಷಿಯಾಯಿತು. ರೇಷನ್ ಕಾರ್ಡು, ವೋಟಿನ ಪಟ್ಟಿ ಬಿಟ್ಟರೆ ಎಲ್ಲೂ ಕಾಣದ ಹೆಸರು. ಇನ್ನೊಮ್ಮೆ ತೋರಿಸು ಎಂದು ಕೇಳಿ ನೋಡಿದೆ.

ಕೊನೆಯ ದಿನ ಲಿಂಗಸುಗೂರಿಗೆ ಬರುವಾಗ ಗಾಡಿಯಲ್ಲಿ ಕುಳಿತವಳಿಗೆ ನೀವು ಕೆಲಸ ಬಿಟ್ಟ ದಿನ ನೆನಪಾಯಿತು. ಉಣ್ಣದೆ ಕುಳಿತು, "ಮೂವತ್ತು ವರ್ಷ ನೀರು ಕಾದೆ, ಆ ನೀರಿಗೂ ನನ್ನ ಹೆಸರು ಗೊತ್ತಿಲ್ಲ ನೋಡು" ಅಂದಿದ್ದಿರಿ. ತೂಬಿನ ಕಲ್ಲುಗಳ ಮೇಲೆ ಯಾರು ಯಾರದೋ ಹೆಸರಿದೆ, ಹಗಲು ರಾತ್ರಿ ದಂಡೆ ಕಾದ ಗ್ಯಾಂಗ್‌ಮನ್ನಿನದು ಒಂದರ ಮೇಲೂ ಇಲ್ಲ. ಒಂದು ಕಡೆಯಾದರೂ ಬರಬೇಕಾದ ಹೆಸರು ಬರದಂತೆ ಮಾಡಿದವಳು ನಾನೇ ಆದೆನಲ್ಲ.

ಲಿಂಗಸುಗೂರಿನ ಖಾನಾವಳಿಯಲ್ಲಿ ಎಲ್ಲರೂ ಉಣ್ಣಲು ಕುಳಿತಿದ್ದಾಗ ಎದ್ದು ನಿಂತೆ. ನಕ್ಷೆಯಲ್ಲಿ ತಪ್ಪಾಗಿದೆ, ತಿದ್ದು ಅಂದೆ. ಸಿದ್ದರಾಮ ಬರೆದುಕೊಳ್ಳಲು ಫೋನು ತೆಗೆದ. ನಾನು ಸೆರಗು ತಲೆಗೆ ಎಳೆದುಕೊಂಡೆ. ಕೊನೆಗೆ ಒಡಪಿನ ಆಸರೆ ಹಿಡಿದೆ.

"ಹೊಲಕ್ಕ ಒಡ್ಡು ಚೆಂದ, ಕಾಲುವಿಗೆ ದಂಡಿ ಚೆಂದ, ಬಿಸಿಲಾಗ ಬಂದವರಿಗೆ ಮಾನಪ್ಪನವರು ಹಚ್ಚಿದ ಬೇವು ಚೆಂದ."

ಚಪ್ಪಾಳೆ ಬಿತ್ತು. ಪಕ್ಕದ ಸಾಲಿನಲ್ಲಿ ಉಣ್ಣುತ್ತಿದ್ದವರೂ ತಟ್ಟಿದರು. ಗದ್ದಲದಲ್ಲಿ ಹೆಸರು ಸರಿಯಾಗಿ ಬರೆದುಕೊಳ್ಳಲಾಗಲಿಲ್ಲ, ಇನ್ನೊಮ್ಮೆ ಹೇಳು ಕಾಕಿ ಅಂದ. ಎರಡನೇ ಸಲ ಒಡಪು ಇಲ್ಲದೆ, ನೀರು ಕೇಳಿದ ಹಾಗೆ, ಮಾನಪ್ಪ ಅಂದೆ. ನಾಲಿಗೆ ಸುಡಲಿಲ್ಲ. ಆದರೂ ಮನಸ್ಸು ತಡೆಯಲಿಲ್ಲ. ಹೊರಗೆ ಬಂದು ಮಗಳಿಗೆ ಫೋನು ಮಾಡಿ, ಅಪ್ಪ ಹೇಗಿದ್ದಾರೆ ಎಂದು ಕೇಳಿದೆ. ಎರಡು ರೊಟ್ಟಿ ಹೆಚ್ಚೇ ತಿಂದು ಮಲಗಿದ್ದಾರೆ ಅಂದಳು. ಆಮೇಲೆ ನನಗೂ ಅನ್ನ ಇಳಿಯಿತು.

ಈಗ ನಕ್ಷೆಯಲ್ಲಿ 'ಮಾನಪ್ಪ ಬೇವಿನ ಸಾಲು' ಎಂದಿದೆ. ಇಬ್ಬರ ಹೆಸರೂ ಹಾಕೋಣವೇ ಎಂದು ಸಿದ್ದರಾಮ ಕೇಳಿದ. ಬೇಡ, ಅವರದೇ ಇರಲಿ ಅಂದೆ. ಬೇಗ ಗುಣವಾಗಿ ಬನ್ನಿ. ಮುಂದಿನ ಚಳಿಗಾಲಕ್ಕೆ ಗಾಡಿಯಲ್ಲಿ ಮುಂದಿನ ಸೀಟು ನಿಮಗೆ, ಹಾದಿ ತಪ್ಪಿದರೆ ಹಿಂದಿನಿಂದ ನಾನು ಹೇಳುತ್ತೇನೆ. ಮಗಳಿಗೆ, ಅಳಿಯನಿಗೆ ಆಶೀರ್ವಾದ. ನಿಮಗೆ ಮತ್ತೊಮ್ಮೆ ನಮಸ್ಕಾರ.

ನಿಮ್ಮ ಮನೆಯಾಕೆ,
ಅಮರೇಶ್ವರಿ

ತಾಜಾಕಲಂ: ಕವರು ಅಂಟಿಸುವ ಮುಂಚೆ ಇದನ್ನೂ ಬರೆದುಬಿಡುತ್ತೇನೆ, ಮತ್ತೆ ಧೈರ್ಯ ಬರುವುದಿಲ್ಲ. ನಿಮಗೆ ಕಾಮಾಲೆಯಾದ ಆ ಬೇಸಿಗೆಯಲ್ಲಿ ಕಾಲುವೆ ಬಂದ್ ಆಗಿತ್ತು. ಬೋರಿಂಗಿನಿಂದ ಎಷ್ಟು ಕೊಡ ಹೊತ್ತರೂ ಮೂರು ಸಸಿ ಒಣಗಿಹೋದವು. ಜಡ್ಡಿನಿಂದ ಎದ್ದು ಬಂದ ನಿಮಗೆ ಅದನ್ನು ತೋರಿಸುವ ಮನಸ್ಸಾಗಲಿಲ್ಲ. ಮುಕ್ಕುಂದದಿಂದ ಬೇರೆ ಮೂರು ತಂದು ಅದೇ ಗುಂಡಿಯಲ್ಲಿ ಇಟ್ಟು, ಮುಳ್ಳಿನ ಬೇಲಿಯನ್ನು ಮೊದಲಿನ ಹಾಗೆಯೇ ಕಟ್ಟಿದೆ. ನೀವು ಬಂದವರೇ ಇಪ್ಪತ್ತೆರಡು ಎಣಿಸಿ ನನ್ನ ಕೈಗುಣ ನೋಡು ಅಂದಿರಿ. ನಾನು ಹೌದು ಅಂದೆ. ಮೊನ್ನೆಯೂ ಯಾರಿಗೂ ಹೇಳಲಿಲ್ಲ, ನೀವು ಬೇಡವೆಂದರೆ ಮುಂದೆಯೂ ಹೇಳುವುದಿಲ್ಲ. ಆದರೆ ಆ ಮೂರರಲ್ಲಿ ಒಂದು ಎರಡನೇ ತೂಬಿನ ಹತ್ತಿರ ನೀರಿನ ಕಡೆ ಬಾಗಿದೆಯಲ್ಲ, ಆ ಒಂದು ಗಿಡಕ್ಕೆ ನನ್ನ ಹೆಸರು ಇರಲಿ ಎಂಬ ಆಸೆ. ಅಚ್ಚಿಗೆ ಹೋಗಲು ಇನ್ನು ಹತ್ತು ದಿನವಿದೆ. ಒಪ್ಪಿಗೆಯಾದರೆ ಒಂದು ಕಾರ್ಡು ಹಾಕಿ, ಬೇರೇನೂ ಬರೆಯುವುದು ಬೇಡ. ವಿಳಾಸದಲ್ಲಿ ನನ್ನ ಹೆಸರನ್ನು ನಿಮ್ಮ ಕೈಯಾರೆ ಬರೆಯಿರಿ. ಮೂವತ್ತಾರು ವರ್ಷ ನೀವೂ ನನ್ನನ್ನು "ಏ, ಕೇಳಿಲ್ಲೇನು" ಎಂದೇ ಕರೆದಿದ್ದೀರಿ.