ಐದನೆಯ ಹಾಡು ಇದ್ದಲ್ಲೇ ಇರುತ್ತದೆ

ವಿದ್ಯಾಗಿರಿ, ಬಾಗಲಕೋಟೆ
ಗುರುವಾರ, 13 ಫೆಬ್ರವರಿ 2025

ಪ್ರೀತಿಯ ಶ್ರೀಶೈಲಣ್ಣಾ,

ಮೊಣಕಾಲು ನೋವು ಈಗ ಹೇಗಿದೆ? ಸೊಲ್ಲಾಪುರದ ಆ ಡಾಕ್ಟರು ಕೊಟ್ಟ ಎಣ್ಣೆ ಹಚ್ಚುತ್ತೀಯೋ, ಬಾಟಲಿ ಅಂಗಡಿಯ ಗಲ್ಲೆಯ ಪಕ್ಕದಲ್ಲೇ ಕುಳಿತಿದೆಯೋ? ವೈನಿಯ ರಕ್ತದೊತ್ತಡದ ಗುಳಿಗೆ ತಪ್ಪದಂತೆ ನೋಡಿಕೋ. ಮದುವೆಮನೆಯ ಗಡಿಬಿಡಿಯಲ್ಲಿ ಹೆಂಗಸರು ಮೊದಲು ಮರೆಯುವುದು ತಮ್ಮ ಗುಳಿಗೆಯನ್ನೇ. ಶಾಂಭವಿ ಎಷ್ಟು ದೊಡ್ಡವಳಾದಳು ಎನ್ನುವುದು ಬರುವ ತಿಂಗಳು ಅವಳು ಬಾಸಿಂಗ ಕಟ್ಟಿಕೊಂಡು ಕುಳಿತಾಗಲೇ ಅವಳ ಸೋದರತ್ತೆಯಾದ ನನಗೆ ನಂಬಿಕೆಯಾಗಬೇಕು. ನಾನು ಆರಾಮಿದ್ದೇನೆ. ಕಾಲೇಜಿನಲ್ಲಿ ಪರೀಕ್ಷೆಯ ಕಾಲ. ಸಂಜೆ ಮಹಡಿಯ ಕೋಣೆಯಲ್ಲಿ ವಿಜು ಗಿಟಾರು ಬಾರಿಸುತ್ತಾನೆ, ನಾನು ಕೆಳಗೆ ಕವಿತೆ ಓದುತ್ತೇನೆ, ಎದುರುಮನೆಯವರು ಕಿಟಕಿ ಮುಚ್ಚುತ್ತಾರೆ. ಹೀಗೆ ನಡೆದಿದೆ.

ಮೊನ್ನೆ ಫೋನಿನಲ್ಲಿ ನೀನು ಹೇಳಿದ್ದಕ್ಕೆ ನಾನು ಉತ್ತರ ಕೊಡಲಿಲ್ಲ. ನೀನು ಅದನ್ನು ಒಪ್ಪಿಗೆ ಎಂದುಕೊಂಡಿರಬಹುದು. ಫೋನಿನಲ್ಲಿ ನೀನು ದೊಡ್ಡವನು, ನಾನು ಸಣ್ಣವಳು. ಕಾಗದದ ಮೇಲೆ ಆ ವ್ಯತ್ಯಾಸ ಅಷ್ಟಿರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನೀನು ಅಂದದ್ದು ಇಷ್ಟು: "ಬಸೂ, ನಿನಗ ಹಾಡಬ್ಯಾಡ ಅನ್ನಾಂಗಿಲ್ಲ ನಾ. ಸೋಬಾನದಾಗ ಸತ್ತವರ ಹೆಸರು ಯಾಕ? ಬೀಗರ ಕಿವಿಗೆ ಬಿದ್ರ ಏನಂದಾರು? ಆ ಐದನೇದೊಂದು ತಗಸಿಬಿಡು." ಸೋದರಮಾವ ಮೊದಲು ಕೇಳಲಿ ಎಂದು ವಿಜು ಪ್ರೀತಿಯಿಂದ ನಿನಗೆ ತಮ್ಮ ಹೊಸ ಆಲ್ಬಮ್ಮಿನ ಹಾಡುಗಳನ್ನು ಕಳಿಸಿದ್ದ. ಅವನಿಗೆ ಪಾಪ, ಈ ಮಾತು ಬರುತ್ತದೆಂದು ಗೊತ್ತಿರಲಿಲ್ಲ.

ಆ ಹಾಡು ಹೇಗೆ ಆಯಿತು ಎನ್ನುವುದನ್ನು ಕೇಳು. ವಿಜುವಿನ ಬ್ಯಾಂಡಿನಲ್ಲಿ ಡ್ರಮ್ ಬಾರಿಸುವ ಯುನೂಸ ಇಳಕಲ್ಲಿನ ನೇಕಾರರ ಮನೆಯವನು. ಆಲ್ಬಮ್ಮನ್ನು ಊರಿನ ಯಾವ ಸ್ಟುಡಿಯೋದಲ್ಲೂ ಮಾಡುವುದಿಲ್ಲ, ನಮ್ಮ ಮಗ್ಗದ ಮನೆಯಲ್ಲೇ ಮಾಡೋಣ ಎಂದವನು ಅವನೇ. ಅದಕ್ಕೆ 'ಕೊಂಡಿ' ಎಂದು ಹೆಸರಿಟ್ಟವನೂ ಅವನೇ. ಒಂದು ಹಾಡಿನ ಕೊನೆಯ ಸ್ವರ ನಿಲ್ಲುವ ಮೊದಲೇ ಮುಂದಿನ ಹಾಡು ಅದರೊಳಗೆ ಕೈಹಾಕಿ ಎದ್ದುಬರುತ್ತದೆ; ನಡುವೆ ಎಲ್ಲೂ ಬಿಡುವಿಲ್ಲ. ಇದನ್ನು ನಿನಗೆ ಬಿಡಿಸಿ ಹೇಳಬೇಕೇ? ಗಿರಾಕಿ ಬಂದರೆ ನೀನು ಸೀರೆಯನ್ನು ತಿರುವಿ ಹಾಕಿ, ಒಡಲಿನ ಎಳೆಯೂ ಸೆರಗಿನ ಎಳೆಯೂ ಒಂದಕ್ಕೊಂದು ಸಿಕ್ಕಿಕೊಂಡ ಸಾಲನ್ನು ಬೆರಳಿನಿಂದ ತೋರಿಸಿ, "ಇಲ್ಲಿ ನೋಡ್ರಿ, ಹೊಲಿಗಿ ಅಲ್ಲ ಇದು, ಕೊಂಡಿ. ಇದಿದ್ರನ ಇಳಕಲ್ಲು" ಎನ್ನುತ್ತೀಯಲ್ಲ. ಹಾಗೆಯೇ ಇದೂ.

ಹಾಡುಗಳ ಸಾಲುಗಳನ್ನು ಬರೆದುಕೊಟ್ಟವಳು ನಾನು. ಹಾಡುವುದಕ್ಕೆ ಹೋದವಳಲ್ಲ. ಒಂದು ಮಧ್ಯಾಹ್ನ, ಹುಡುಗರು ತಂತಿ ಬಿಗಿಯುತ್ತಿದ್ದಾಗ, ಯುನೂಸನ ತಾಯಿ ಜೋಹರಾ ರಾಟೆಗೆ ನೂಲು ಸುತ್ತುತ್ತ ಸುಮ್ಮನೆ ಕೇಳಿದಳು: "ನಿಮ್ಮ ಮಂದಿ ಆರತಿ ಹೊತ್ತಿನಾಗ ಹಾಡ್ತಾರಲ್ರಿ ಅಕ್ಕಾ, ಅದು ಬರ್ತೈತೇನ್ರಿ?" ನಾನು ಅವ್ವನ ಸೋಬಾನ ಎತ್ತಿದೆ. ವಿಜು ಗಿಟಾರಿನ ಒಂದೇ ತಂತಿಯನ್ನು ಮೀಟುತ್ತ ಕೆಳಸ್ವರದಲ್ಲಿ ಜೊತೆಗೂಡಿದ. ಯುನೂಸ ಕೈಯಿಂದಲೇ ಮೆಲ್ಲಗೆ ಬಡಿದ. ಚೆನ್ನಾಗಿಯೇ ನಡೆದಿತ್ತು. ಆದರೆ ಒಡಪು ಇಟ್ಟು ಗಂಡನ ಹೆಸರು ಹೇಳುವ ಜಾಗ ಬಂದೊಡನೆ ನನ್ನ ಧ್ವನಿ ಅದನ್ನು ದಾಟಿ ಮುಂದಿನ ನುಡಿಗೆ ಹೋಗಿಬಿಡುತ್ತಿತ್ತು. ಮತ್ತೆ ಹಾಡಿದರೆ ಮತ್ತೆ ಅದೇ. ಹುಡುಗರಿಗೆ ತಿಳಿಯಲಿಲ್ಲ, ಜೋಹರಾಗೆ ತಿಳಿಯಿತು. "ಅಲ್ಲಿ ಬಂದ ಕೂಡ್ಲೆ ತಪ್ಪಿಸಿಕೊಂಡು ಓಡ್ತೀರಿ. ಯಾರ ಅಂಜಿಕಿ ಐತ್ರಿ ಇಲ್ಲಿ? ಹೆಸರ ಇಡ್ರಿ."

ಇಟ್ಟೆ. ಆರು ವರ್ಷಗಳಿಂದ ಒಡಪಿನಲ್ಲಿ ಹೇಳದೆ ಬಿಟ್ಟಿದ್ದ ಹೆಸರು, ಸಂಗಮೇಶ. ನಾವು ಹಾಡುವಾಗ ಮರ್ಯಾದೆಗೆಂದು ಮಗ್ಗ ನಿಲ್ಲಿಸಿ ಅದರ ಕೆಳಗಿನ ಕುಣಿಯಲ್ಲಿ ಕುಳಿತಿದ್ದ ಯುನೂಸನ ಅಪ್ಪ, ಆ ಹೆಸರು ಕೇಳಿ ಅದೇನು ನೆನೆಸಿಕೊಂಡರೋ, ಮರೆತು ಮಗ್ಗದ ಹಲಗೆಯನ್ನು ಎಳೆದು ಒಂದು ಏಟು ಬಡಿದುಬಿಟ್ಟರು. ಆಮೇಲೆ ತಪ್ಪಾಯಿತೆಂದು ಎದ್ದುಬಂದರು. ಯುನೂಸ ಅವರಿಗೆ, "ಸುಮ್ನಿರಪಾ, ಇಷ್ಟು ದಿನಾ ನಾ ಬಾರಿಸಿದ್ರಾಗ ಇದ ಒಂದು ಖರೆ ಏಟು" ಎಂದ. ಅದು ಹಾಡಿನಲ್ಲಿ ಹಾಗೆಯೇ ಇದೆ. ಇನ್ನೊಮ್ಮೆ ಹಾಡು ಎಂದು ಯಾರೂ ನನ್ನನ್ನು ಕೇಳಲಿಲ್ಲ.

ನಿನ್ನ ಫೋನು ಬಂದ ಮೇಲೆ ವಿಜು, "ಅವ್ವಾ, ನೀ ಹೂಂ ಅಂದ್ರ ತಗೀತೇವಿ" ಎಂದ. ಐದನೆಯದನ್ನು ಬಿಟ್ಟು ನಾಲ್ಕನ್ನೂ ಆರನ್ನೂ ಕೂಡಿಸಿ ಕೇಳಿಸಿದ. ನಾಲ್ಕನೆಯದರ ಕೊನೆ ಗಾಳಿಯಲ್ಲಿ ಕೈಚಾಚಿ ನಿಂತಿತ್ತು, ಆರನೆಯದು ಎಲ್ಲಿಂದಲೋ ಬಂದು ಬಿದ್ದಂತಿತ್ತು. ನಿನ್ನ ಅಂಗಡಿಗೆ ಅಂಥ ಸೀರೆ ಬಂದರೆ ನೀನು ತಿರುಗಿ ಕಳಿಸುತ್ತೀ. ಆದರೆ ಅಣ್ಣಾ, ನಾನು ಕೊಂಡಿಯ ಮರೆಯಲ್ಲಿ ನಿಲ್ಲುವುದಿಲ್ಲ. ಹಾಡುಗಳು ಬಿಡಿಬಿಡಿಯಾಗಿದ್ದರೂ ನಾನು ಇದನ್ನು ತೆಗೆಸುತ್ತಿರಲಿಲ್ಲ.

ಯಾಕೆಂದರೆ ಈ ಆರು ವರ್ಷದಲ್ಲಿ ಯಾರೂ ನನಗೆ ಹಾಡಬೇಡ ಎಂದಿಲ್ಲ. ನೀನು ಹೇಳುವುದು ಖರೆಯೇ. ನಮ್ಮದು ಶರಣರ ಮನೆ, ಪಡಸಾಲೆಯಲ್ಲಿ ಬಸವಣ್ಣನ ಪಟ, ಅಂಥ ಮಾತು ಬಾಯಲ್ಲಿ ಬರುವುದಿಲ್ಲ. ಹಾಗಾಗಿ ಪ್ರತಿ ಮದುವೆಯಲ್ಲೂ ಯಾರೋ ಒಬ್ಬರು ಅಕ್ಕರೆಯಿಂದ ಉಗ್ರಾಣದ ಕೀಲಿ ತಂದು ನನ್ನ ಕೈಯಲ್ಲಿಡುತ್ತಾರೆ. "ಬಸಕ್ಕ ಇದ್ರ ಒಂದ ಕಾಳ ಹಾಳಾಗಂಗಿಲ್ಲ." ಗುಡೂರಿನ ಮದುವೆಯಲ್ಲಿ ಹಾಗೆ, ಬಾದಾಮಿಯ ಮದುವೆಯಲ್ಲೂ ಹಾಗೆ. ಆರತಿಯ ಹೊತ್ತಿಗೆ ಸರಿಯಾಗಿ ಸಕ್ಕರೆ ಬೇಕಾಗುತ್ತದೆ, ನಾನು ಒಳಗಿರುತ್ತೇನೆ, ಹೊರಗೆ ಅವ್ವನ ಹಾಡನ್ನು ಅರ್ಧಂಬರ್ಧ ಬರುವವರು ಹಾಡುತ್ತಾರೆ. ಗೋದಿಹಿಟ್ಟಿನ ಚೀಲಗಳ ನಡುವೆ ನಿಂತು ತಪ್ಪಿದ ನುಡಿಗಳನ್ನು ನಾನು ಬಾಯೊಳಗೇ ತಿದ್ದುತ್ತೇನೆ. ವಿಜುವಿನ ಅಪ್ಪ ತೀರಿಕೊಂಡಿದ್ದಾರೆ ಎಂದರೆ ನಾನು ಅವರ ಹೆಂಡತಿಯಾಗಿದ್ದುದು ತೀರಿಹೋಯಿತೇ? ಆ ಹೆಸರು ಅಶುಭವಾಗಿದ್ದರೆ ಅದನ್ನೇ ತಂದೆಯ ಹೆಸರೆಂದು ಬರೆಯುವ ವಿಜುವನ್ನೂ ಮದುವೆಯ ಹಂದರದಿಂದ ಹೊರಗಿಡು.

ಸಣ್ಣವಳಿದ್ದಾಗ ಹುನಗುಂದದ ಅಂಗಡಿಯಲ್ಲಿ ನನ್ನನ್ನು ಜವಳಿಯ ಗಂಟಿನ ಮೇಲೆ ನಿಲ್ಲಿಸಿ, ಬಂದವರ ಮುಂದೆ "ನಮ್ಮ ತಂಗಿ ಹಾಡ ಕೇಳ್ರಿ" ಎನ್ನುತ್ತಿದ್ದವನು ನೀನು. ಅಪ್ಪ ಗದರಿದರೂ ಬಿಡುತ್ತಿರಲಿಲ್ಲ. ಹಾಡು ಕೇಳಿ ನಿನಗೆ ಸಿಟ್ಟೇ ಬಂದಿದ್ದರೆ ಬರಲಿ. ಆದರೆ ಕೊನೆಯವರೆಗೆ ಕೇಳಿಯೇ ಸಿಟ್ಟಾದೆಯೋ, ಹೆಸರು ಬಂದಲ್ಲಿಗೇ ನಿಲ್ಲಿಸಿದೆಯೋ? ಅದೊಂದನ್ನು ಯಾವಾಗಲಾದರೂ ಹೇಳು.

ವೈನಿಗೆ ನನ್ನ ಶರಣಾರ್ಥಿ. ಮದುಮಗಳ ಕೆನ್ನೆಗೆ ಒಂದು ಮುತ್ತು, ಅತ್ತೆಯ ತುಂಬು ಹರಕೆ. ಎಣ್ಣೆ ಹಚ್ಚಿಕೋ.

ನಿನ್ನ ತಂಗಿ,
ಬಸವೇಶ್ವರಿ

ಮರೆತೆ: ಆಲ್ಬಮ್ ರವಿವಾರ ಬರುವುದಿತ್ತು. ಕಾಗದ ನಿನ್ನ ಕೈಸೇರುವಷ್ಟರಲ್ಲಿ ನನ್ನ ಮನಸ್ಸು ಕರಗಬಾರದೆಂದು ಇವತ್ತೇ, ಈಗಷ್ಟೇ, ಇಂಟರ್ನೆಟ್ಟಿನಲ್ಲಿ ಬಿಡುಗಡೆ ಮಾಡಿಸಿದೆ. ಗುಂಡಿ ಒತ್ತಿದವಳು ನಾನೇ. ಐದನೆಯದು ಐದನೆಯದಾಗಿಯೇ ಇದೆ. ಮದುವೆಗೆ ಹಿಂದಿನ ದಿನವೇ ಬರುತ್ತೇನೆ, ಆರತಿಗೆ ಹೆಂಗಸರ ಮುಂದಿನ ಸಾಲಿನಲ್ಲಿ ಕೂಡುತ್ತೇನೆ. ಏಳಿಸಬೇಕೆಂದಿದ್ದರೆ ನೀನೇ ಬಂದು ಎಲ್ಲರ ಎದುರಿಗೆ ಬಾಯಿಬಿಟ್ಟು ಹೇಳು. ಉಗ್ರಾಣದ ಕೀಲಿ ಈ ಸಲ ಬೇರೆ ಯಾರಿಗಾದರೂ ಕೊಡು.