ಮರದ ಮೊಟ್ಟೆ

ಅಣ್ಣಾ,

ನಿನ್ನ ಮಾನ ಕಳೆದಿದ್ದು ನಾನಲ್ಲ. ನಿನ್ನ ಮರಗೆಲಸದವರ ಮುಂದೆ ಊಟಕ್ಕೆ ಮೊದಲು ಕಣ್ಣು ಮುಚ್ಚಿ ಯೇಸುವಿಗೆ ಸ್ತೋತ್ರ ಹೇಳಿದ್ರೆ ನಿನಗ್ಯಾಕೆ ನಾಚಿಕೆ? ಭಾನುವಾರ ಚರ್ಚಲ್ಲಿ ನೀನೂ ನನ್ನ ಪಕ್ಕದಲ್ಲೇ ನಿಂತು ಹಾಡ್ತೀಯಲ್ಲ! "ಪಾದ್ರಿಗಳೇ, ಅನ್ನ ಆರ್ತಿದೆ" ಅಂತ ದಿನಾ ಅಣಕಿಸ್ತಾರೆ. ಅಣಕಿಸ್ಲಿ.

ಇವತ್ತು ಕಣ್ಣು ಮುಚ್ಚಿದಾಗ, ಎಲ್ಲರೂ ಸಣಕಲ ಅಂತ ಕರೆಯೋ ಆ ಕೆಲಸದ ಹುಡುಗ ನನ್ನ ಡಬ್ಬಿಯ ಮೊಟ್ಟೆ ಎತ್ತಿ, ತಾನೇ ಮರದಲ್ಲಿ ಕಡೆದು ಬಿಳಿ ಬಣ್ಣ ಬಳಿದ ಮೊಟ್ಟೆ ಇಟ್ಟಿದ್ದ. ಕಚ್ಚಿದೆ. ಹಲ್ಲು ಕಟಕ್ ಅಂತು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಮೈಯೆಲ್ಲ ಉರಿದುಹೋಯ್ತು, ಸುತ್ತಿಗೆ ಕೈಗೆ ಬಂದಿತ್ತು. ಆದ್ರೆ ಆ ಮೊಟ್ಟೆ ನೋಡ್ದೆ. ಎಂಥಾ ನುಣುಪು ಅಣ್ಣಾ! ನಂಗೇ ನಗು ತಡೆಯೋಕಾಗ್ಲಿಲ್ಲ. ಮತ್ತೆ ಕಣ್ಣು ಮುಚ್ಚಿದೆ.

"ನಂಗೆ ಶಾಪ ಹಾಕ್ತಿದ್ದೀಯೇನೋ?" ಅಂದ ಸಣಕಲ.

"ಇಲ್ಲ ಕಣೋ, ನಿನ್ನ ಕೈ ಹೀಗೇ ಓಡ್ಲಿ ಅಂತ ದೇವರನ್ನ ಕೇಳ್ದೆ."

ಪೆಚ್ಚಾಗಿ, ಅರ್ಧ ತಿಂದಿದ್ದ ಮೊಟ್ಟೆ ವಾಪಸ್ ಕೊಟ್ಟ.

ನೀನು ಮಾತ್ರ ಒಳಗೆ ಕರೆದು, "ಇನ್ನೊಂದ್ಸಲ ಇಲ್ಲಿ ಕಣ್ಣು ಮುಚ್ಚಿದ್ರೆ ಕೆಲಸಕ್ಕೆ ಬರ್ಬೇಡ" ಅಂದೆ. ಕೇಳು. ನಾಳೆ ಎಂಟಕ್ಕೆ ಬರ್ತೀನಿ, ಒಂದು ಗಂಟೆಗೆ ಕಣ್ಣು ಮುಚ್ತೀನಿ. ಕಳಿಸೋದಾದ್ರೆ ಆಗ ಕಳಿಸು. ಡಬ್ಬಿಗೆ ಎರಡು ಮೊಟ್ಟೆ ಹಾಕೋಕೆ ಅತ್ತಿಗೆಗೆ ಹೇಳು, ಒಂದು ಸಣಕಲನಿಗೆ.

ಈ ಚೀಟಿ ನಿನ್ನ ಉಳಿ ಕೆಳಗಿಟ್ಟು, ಬಾಗಿಲು ಧಡಾರ್ ಅಂತ ಹಾಕ್ಕೊಂಡು ಹೋಗ್ತಿದ್ದೀನಿ. ಹೆದರ್ಬೇಡ, ಅದನ್ನ ಕೂರಿಸಿದ್ದು ನಾನೇ. ಅಲ್ಲಾಡಲ್ಲ.

ನಿನ್ನ ತಮ್ಮ