ಅಳತೆಪಟ್ಟಿಯ ಅಡಿಯಲ್ಲಿ ಸಿಕ್ಕ ಅಕ್ಷತೆ

ಹವ್ಯಾಸಿ ಕಾರ್ ಓಟದ ಮುಖ್ಯ ತಾಂತ್ರಿಕ ತಪಾಸಕರಿಗೆ,

ಮಾನ್ಯರೇ,

ನಿನ್ನೆ ಮಧ್ಯಾಹ್ನ ಮುದ್ದೆ ಉಂಡು ಒಂದು ಗಳಿಗೆ ಕಣ್ಣು ಮುಚ್ಚಿದ್ದೆ, ಅಷ್ಟರಲ್ಲಿ ತಾವು ಕನಸಿಗೆ ಬಂದುಬಿಟ್ಟಿರಿ. ಪೀಣ್ಯದ ಮೇಲ್ಸೇತುವೆ ಮೇಲೆ ನನ್ನ ಮಗಳ ಕಾರು ಹೋಗುತ್ತಿದೆ. ಎಡಗಡೆ ಮುಂದಿನ ಚಕ್ರ ಕಳಚಿಕೊಂಡು ಕಾರಿಗಿಂತ ಮುಂದೆ ತನ್ನ ಪಾಡಿಗೆ ತಾನು ಉರುಳುತ್ತಿದೆ. ಎದುರಿಗೆ ತಾವು. ಕಾರು ಏನಾಯ್ತು ಅಂತ ನೋಡಲಿಲ್ಲ. ಉರುಳಿ ಬಂದ ಚಕ್ರವನ್ನು ಒಂದೇ ಕೈಯಲ್ಲಿ ಎತ್ತಿ "ಹಗುರ ಇದೆಯಲ್ಲ" ಅಂದಿರಿ. ಬೆವೆತು ಎದ್ದು ಕೂತೆ.

ಕನಸಿನ ಅರ್ಧ ಭಾಗ ನಿಜವಾಗಿ ನಡೆದದ್ದೇ. ಹೋದ ಶನಿವಾರ, ಚಂದಾಪುರದ ಆಚೆ ನೀವು ಓಟ ನಡೆಸುವ ಗೋದಾಮಿನ ಅಂಗಳದಲ್ಲಿ, ನನ್ನ ಮಗಳು ಮಂಜುಶ್ರೀಯ ಹೊಸ ಚಕ್ರಗಳನ್ನು ತಾವು ಅಳೆದು, "ಉದ್ದೇಶಪೂರ್ವಕ ನಿಯಮ ಉಲ್ಲಂಘನೆ" ಎಂದು ಬರೆದು ಅವಳ ಹೆಸರಿನ ಸಮೇತ ಫಲಕಕ್ಕೆ ಅಂಟಿಸಿದಿರಿ. ಹಳೇ ಚಕ್ರದಲ್ಲೇ ಓಡಿಸ್ತೀನಿ ಎಂದಳು, ಬಿಡಲಿಲ್ಲ. ಬರುವ ಭಾನುವಾರದ ಕೊನೇ ಸುತ್ತಿಗೂ ಅವಳಿಗೆ ಗೇಟು ಹಾಕಿದ್ದೀರಿ. ಆ ಗೇಟು ತೆಗೆಸುವುದಕ್ಕೇ ಈ ಪತ್ರ. ಮೇಲ್ಮನವಿಯನ್ನು ಅರ್ಧ ಗಂಟೆಯೊಳಗೆ ಇಂಗ್ಲಿಷಿನಲ್ಲಿ ಕೊಡಬೇಕು ಎಂದಿರಿ. ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಮಧ್ಯೆ ಒಂದು ವರ್ಷ ಮತ್ತೆ ಹೋಗಿದ್ದೆ, ಅದನ್ನ ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ಗೊತ್ತಿಲ್ಲ. ಹಾಗಾಗಿ ಕನ್ನಡದಲ್ಲಿ, ತಡವಾಗಿ, ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ಓದುವ ಬೇರೆಯವರಿಗೆ ಒಂದು ಮಾತು. ಇದು ಟೀವಿಯಲ್ಲಿ ತೋರಿಸುವ ರೇಸಲ್ಲ. ಭಾನುವಾರ ಲಾರಿಗಳಿಲ್ಲದ ಅಂಗಳದಲ್ಲಿ ಪ್ಲಾಸ್ಟಿಕ್ ಕೋನುಗಳನ್ನಿಟ್ಟು, ಅವುಗಳ ನಡುವೆ ಒಬ್ಬೊಬ್ಬರೇ ಕಾರು ಓಡಿಸುತ್ತಾರೆ. ಯಾರು ಬೇಗ ಮುಗಿಸಿದರೋ ಅವರು ಗೆದ್ದರು. ಮಂಜುಶ್ರೀಯದು "ಕಂಪನಿಯಿಂದ ಬಂದ ಹಾಗೇ" ಎನ್ನುವ ವರ್ಗ. ವಾರವೆಲ್ಲ ಪೀಣ್ಯದ ವಾಲ್ವ್ ಕಾರ್ಖಾನೆಗೆ ಕೆಲಸಕ್ಕೆ ಹೋಗುವ ಅದೇ ಕಾರಲ್ಲಿ ಭಾನುವಾರ ಓಡುತ್ತಾಳೆ. ಎಂಜಿನ್ ಮುಟ್ಟುವಂತಿಲ್ಲ, ಸೀಟು ಕೀಳುವಂತಿಲ್ಲ. ಚಕ್ರ ಮಾತ್ರ ಬದಲಾಯಿಸಬಹುದು. ಎತ್ತರ, ಅಗಲ ಕಂಪನಿಯ ಚಕ್ರದಷ್ಟೇ ಇರಬೇಕು. ಕಾರಿನ ಒಳಕ್ಕೋ ಹೊರಕ್ಕೋ ಅದು ಕೂರುವ ಜಾಗ ಆರು ಮಿಲಿಮೀಟರಿನ ಮೇಲೆ ಸರಿಯಕೂಡದು. ತೂಕದ ಬಗ್ಗೆ ನಿಮ್ಮ ನಿಯಮಾವಳಿಯಲ್ಲಿ ಒಂದಕ್ಷರ ಇಲ್ಲ. ಮಗಳು ಎರಡು ಸಲ ಓದಿ ಹೇಳಿದಳು. ನನಗೆ ಸಮಾಧಾನವಾಗದೆ ಮೂರನೇ ಸಲ ಓದಿಸಿದೆ.

ಈ ಚಕ್ರಗಳನ್ನು ಹುಡುಕೋದರಲ್ಲಿ ನಾವು ಪಟ್ಟ ಪಾಡು ಮದುವೆಗೆ ಹೆಣ್ಣು ಹುಡುಕೋರು ಪಡಲಿಕ್ಕಿಲ್ಲ. ಬೇಗೂರಿನ ಒಂದು ಅಂಗಡಿಯವನು "ಸಾರ್, ಒಂದಿಂಚು ದೊಡ್ಡದು ಹಾಕಿಸಿ, ಗಾಡಿ ಎದ್ದು ನಿಂತ್ಕೊಳ್ಳತ್ತೆ" ಎಂದ. ಗಾಡಿ ನಿಂತ್ಕೊಳ್ಳೋದಲ್ಲಪ್ಪ, ಓಡಬೇಕು ಎಂದೆ. ದೊಡ್ಡದು ನಿಯಮಕ್ಕೆ ಹೊರಗೆ. ಅದೂ ಅಲ್ಲದೆ ಭಾರ. ಮಿರಮಿರ ಮಿಂಚೋದು ಇನ್ನೂ ಭಾರ. ಕೊನೆಗೆ ಪೀಣ್ಯದ ಟೈರ್ ಅಂಗಡಿಯ ದ್ಯಾಮಣ್ಣ, ನನ್ನ ಹಳೇ ಸ್ನೇಹಿತ, ಬೂದಿ ಬಣ್ಣದ, ನೋಡೋಕೆ ಏನೂ ಚೆಂದವಿಲ್ಲದ ನಾಲ್ಕು ಅಲಾಯ್ ಚಕ್ರ ತೆಗೆದು ಮುಂದಿಟ್ಟ. ಪಕ್ಕದ ತರಕಾರಿ ಅಂಗಡಿಯ ಈರುಳ್ಳಿ ತಕ್ಕಡಿ ತರಿಸಿ ತೂಗಿದೆವು. ಕಂಪನಿಯ ಸ್ಟೀಲ್ ಚಕ್ರಕ್ಕಿಂತ ಒಂದೊಂದೂ ಎರಡೆರಡು ಕಿಲೋ ಕಡಿಮೆ. ಕೂರುವ ಜಾಗ ಸರಿಯಾಗಿ ಆರು ಮಿಲಿಮೀಟರ್ ಸರಿದಿತ್ತು. ನಿಯಮದ ಗೆರೆ ಮೇಲೇ, ಆದರೆ ಗೆರೆ ಒಳಗೆ.

ಮಗಳಿಗೆ ಖುಷಿ, ನನಗೆ ಭಯ. ಹಗುರ ಅಂದರೆ ತೆಳು, ತೆಳು ಅಂದರೆ ಬಿರುಕು, ಬಿರುಕು ಅಂದರೆ ಆಮೇಲಿನದನ್ನ ನಾನು ಬರೆಯೋದಿಲ್ಲ. ನಾಲ್ಕನ್ನೂ ತೆಂಗಿನಕಾಯಿ ತಟ್ಟೋ ಹಾಗೆ ತಟ್ಟಿ, ಕಿವಿ ಇಟ್ಟು ಕೇಳಿದೆ. ದ್ಯಾಮಣ್ಣ ಬೀಡಿ ಕೆಳಗಿಟ್ಟು, "ಏನಣ್ಣ, ಎಳನೀರು ಬಲಿತೈತಾ?" ಎಂದ. ನಗಲಿ ಬಿಡಿ. ಅವನಿಗೆ ರೇಸಿಗೆ ಹೋಗೋ ಮಗಳಿಲ್ಲ.

ಈಗ ಮುಖ್ಯ ವಿಷಯ. ಹೊಸ ವಸ್ತು ಮನೆಗೆ ಬಂದರೆ ಪೂಜೆ ಆಗಬೇಕು. ಚಿಕ್ಕಬಾಣಾವರದಲ್ಲಿ ನಮ್ಮದು ಊರು ಹುಟ್ಟಿದಾಗಿಂದ ಇರುವ ಮನೆತನ. ಹೊಲ ಇದ್ದಾಗ ನೇಗಿಲಿಗೆ ಮಾಡ್ತಿದ್ವಿ, ಹೊಲ ಲೇಔಟ್ ಆದಮೇಲೆ ಬೋರ್‌ವೆಲ್ ಮೋಟರಿಗೆ ಮಾಡ್ತಿದ್ವಿ, ಈಗ ನೀರಿನ ಫಿಲ್ಟರಿಗೂ ಮಾಡ್ತೀವಿ. ಆದರೆ ತಮ್ಮ ನಿಯಮದಲ್ಲಿ "ಚಕ್ರದ ಹೊರಮೈ ಮೇಲೆ ಅನುಮತಿಯಿಲ್ಲದ ಗುರುತು ಇರಕೂಡದು" ಎಂದಿದೆ. ನಿಯಮ ಎಂದರೆ ಒಂದಕ್ಷರ ಮೀರುವವನಲ್ಲ ನಾನು. ನನ್ನ ಹೆಂಡತಿ ಮಹಾಲಕ್ಷ್ಮಿಗೆ ಹೇಳಿದೆ, ಅರಿಶಿನ ಕುಂಕುಮ ಹೊರಗೆ ಹಚ್ಚಬೇಡ, ಯಾರಿಗೂ ಕಾಣದ ಹಾಗೆ ಒಳಗಡೆ ಅಂಚಿಗೆ ಹಚ್ಚು. ಅವಳು ಹಾಗೇ ಮಾಡಿದಳು. ಮೂರಕ್ಕೆ ಬರೀ ಬೊಟ್ಟು. ಎಡಗಡೆ ಮುಂದೆ ಹಾಕೋದಕ್ಕೆ ಮಾತ್ರ, ತಟ್ಟಿದಾಗ ಅದರ ಸದ್ದು ಯಾಕೋ ಹಿಡಿಸದ ನನ್ನ ಮುಖ ನೋಡಿಯೋ ಏನೋ, ಗಂಧ ಅರಿಶಿನ ದಪ್ಪಗೆ ಕಲಸಿ ಹಚ್ಚಿ, ಮೇಲೆ ಅಕ್ಷತೆನೂ ಒತ್ತಿದಳು.

ಹೊಸ ಚಕ್ರವನ್ನು ಟೈರು ಹಾಕುವ ಮೊದಲೇ ತರಬೇಕು ಎಂಬುದು ನಿಮ್ಮದೇ ಆಜ್ಞೆ. ನಾಲ್ಕನ್ನೂ ಹಳೇ ದುಪ್ಪಟಿಯಲ್ಲಿ ಸುತ್ತಿ, ಎಳೇ ಕೂಸನ್ನ ಆಸ್ಪತ್ರೆಗೆ ಒಯ್ಯೋ ಹಾಗೆ ತಂದೆವು. ನಮ್ಮ ಮುಂದೆ ಸಾಲಿನಲ್ಲಿದ್ದ ಕಾರು ಹಿಂದಿನ ಸೀಟನ್ನು ಮನೆಯಲ್ಲೇ ಬಿಟ್ಟು ಬಂದಿತ್ತು. ಆ ಜಾಗಕ್ಕೆ ಥರ್ಮಕೋಲ್ ಇಟ್ಟು ಸೀಟ್ ಕವರ್ ಹೊದಿಸಿದ್ದರು. ತಾವು ಕಿಟಕಿಯಿಂದ ಇಣುಕಿ, ಕವರಿನ ಹೊಲಿಗೆ ಚೆನ್ನಾಗಿದೆ ಎಂದು ಮೆಚ್ಚಿ, ಪಾಸು ಮಾಡಿದಿರಿ. ಆಮೇಲೆ ನಮ್ಮ ಎಡಗಡೆ ಮುಂದಿನ ಚಕ್ರ ಎತ್ತಿದಿರಿ. ಎತ್ತಿದ್ದೇ ತಡ ಮುಖ ಬದಲಾಯಿತು.

"ಇಷ್ಟು ಹಗುರ ಇದೆ ಅಂದ್ರೆ ಏನೋ ಇದೆ" ಎಂದಿರಿ.

ಏನಿದೆ ಸ್ವಾಮಿ? ತೂಕಕ್ಕೆ ನಿಯಮವೇ ಇಲ್ಲದ ಮೇಲೆ ತಮ್ಮ ಕೈಯೇ ನಿಯಮವೇ? ಹಾಗಿದ್ದರೆ ಆ ಕೈಯನ್ನೂ ವರ್ಷಕ್ಕೊಮ್ಮೆ ತೂಕ ಮತ್ತು ಅಳತೆ ಇಲಾಖೆಗೆ ಒಯ್ದು ಮುದ್ರೆ ಒತ್ತಿಸಬೇಕಲ್ಲವೇ ಎಂದು ಅಲ್ಲೇ ಕೇಳಿದೆ. ಅಂಗಳದಲ್ಲಿ ಯಾರೋ ನಗಾಡಿದರು. ತಪ್ಪು ಸಿಗಲೇಬೇಕು ಎಂಬಂತೆ ತಾವು ಆ ಒಂದು ಚಕ್ರವನ್ನು ಗೋಣಿಚೀಲದ ಮೇಲೆ ಬೋರಲು ಹಾಕಿ, ಅಂಚಿನಿಂದ ಅಂಚಿಗೆ ಅಲ್ಯೂಮಿನಿಯಂ ಪಟ್ಟಿ ಇಟ್ಟು, ಪಟ್ಟಿಯ ನಡುವಿನಿಂದ ಕೆಳಕ್ಕೆ, ಚಕ್ರ ಕಾರಿಗೆ ಕೂರುವ ಜಾಗದವರೆಗೆ ಅಳೆದಿರಿ. ಏಳು ಮಿಲಿಮೀಟರ್ ಸರಿದಿದೆ ಎಂದಿರಿ. ಮಿಕ್ಕ ಮೂರನ್ನು ಮುಟ್ಟಲಿಲ್ಲ. ಮಂಜುಶ್ರೀ "ಸರ್, ಪಟ್ಟಿ ತಿರುಗಿಸಿಟ್ಟು ಇನ್ನೊಂದ್ಸಲ ನೋಡಿ" ಎಂದಳು. ರೂಲ್ ಅಂದ್ರೆ ರೂಲ್ ಎಂದು ತಾವು ಪೆನ್ನು ತೆಗೆದಿರಿ.

ವಾಪಸು ಬರುವಾಗ ಹೊಸೂರು ರಸ್ತೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡೆವು. ಹೋಗಲಿ ಬಿಡಮ್ಮ ಎಂದೆ. "ಸೋತಿದ್ರೆ ಬಿಡ್ತಿದ್ದೆ ಕಣಪ್ಪ" ಎಂದಳು, "ಬೇಕಂತ ಮಾಡಿದ್ದೀನಿ ಅಂತ ಬರೆದವ್ರಲ್ಲ." ಆಮೇಲೆ ಕಿಟಕಿ ಕಡೆ ತಿರುಗಿದಳು. ಮಾನ್ಯರೇ, ನನ್ನ ಮಗಳು ಕೋನು ತಾಗಿಸಿದರೆ, ಯಾರೂ ನೋಡಿಲ್ಲದಿದ್ದರೂ, ಗಾಡಿಯಿಂದ ಇಳಿದು ಹೇಳಿ ದಂಡದ ಸೆಕೆಂಡು ಹಾಕಿಸಿಕೊಂಡವಳು. ಬೇಕಾದರೆ ನಿಮ್ಮ ಗಡಿಯಾರ ಹಿಡಿಯುವವರನ್ನೇ ಕೇಳಿ.

ಮನೆಗೆ ಬಂದು ನಾನೂ ಅದೇ ಚಕ್ರ ಬೋರಲು ಹಾಕಿದೆ. ಗಾರೆ ಕೆಲಸದವರ ರಸಮಟ್ಟ ಅಡ್ಡ ಇಟ್ಟೆ. ಒಂದು ಕಡೆ ಎತ್ತರ, ಒತ್ತಿದರೆ ಲೊಡಕ್ ಅಂತ ಅಲ್ಲಾಡುತ್ತೆ. ಬಗ್ಗಿ ನೋಡಿದರೆ ಅಂಚಿನ ಮೇಲೆ ಒಣಗಿದ ಗಂಧ, ಅದರಲ್ಲಿ ಕಚ್ಚಿಕೊಂಡ ಅಕ್ಷತೆ ಕಾಳು. ರಸಮಟ್ಟ ಅದರ ಮೇಲೆ ಕೂತಿದೆ. ಒಂದು ತುದಿಯಲ್ಲಿ ಪಟ್ಟಿ ಎರಡು ಮಿಲಿಮೀಟರ್ ಏರಿದರೆ ನಡುವೆ ಒಂದು ಏರುತ್ತೆ. ಜಾಗ ತಿರುಗಿಸಿಟ್ಟೆ, ಆರಕ್ಕೆ ಬಂತು. ಅಂದರೆ ತಾವು ಹಿಡಿದ ಮೋಸ ಸೋನಾಮಸೂರಿ. ಕೆರೆಯೋಣ ಎಂದು ಉಗುರು ಹಾಕಿದೆ. ಮಹಾಲಕ್ಷ್ಮಿ ಒಳಗಿಂದಲೇ, "ಅದನ್ಯಾಕ್ರೀ ಕೀಳ್ತೀರಿ, ಅವರೇ ಬಂದು ನೋಡ್ಲಿ" ಎಂದಳು. ಸರಿ ಎನ್ನಿಸಿತು. ಹಾಗೇ ಇದೆ.

ಆದ್ದರಿಂದ ಇದು ನನ್ನ ಕೋರಿಕೆ, ಬೇಕಾದರೆ ಒತ್ತಾಯ ಅಂದುಕೊಳ್ಳಿ. ಈ ಶನಿವಾರ ಆ ಚಕ್ರವನ್ನು ಅಕ್ಷತೆ ಸಮೇತ ತರುತ್ತೇನೆ. ಅಂದು ಅಳೆದ ಜಾಗದಲ್ಲೇ ಪಟ್ಟಿ ಇಟ್ಟು ಅಳೆಯಿರಿ. ಆಮೇಲೆ ಪಟ್ಟಿ ತಿರುಗಿಸಿ, ಬರೀ ಲೋಹದ ಮೇಲಿಟ್ಟು ಅಳೆಯಿರಿ. ಮಿಕ್ಕ ಮೂರನ್ನೂ ಅಳೆಯಿರಿ. ಅಳತೆ ನಿಯಮದೊಳಗೆ ಬಂದರೆ "ಉದ್ದೇಶಪೂರ್ವಕ" ಎನ್ನುವ ಪದವನ್ನು, ಅಂಟಿಸಿದ ಅದೇ ಫಲಕದಲ್ಲಿ, ಅದೇ ಜನರ ಎದುರು, ಹೊಡೆದು ಹಾಕಿ, ಭಾನುವಾರ ಅವಳನ್ನು ಓಡಿಸಲು ಬಿಡಿ. ಬಾರದಿದ್ದರೆ ನಾನೇ ಕಾರಿನ ಕೀ ತಂದು ನಿಮ್ಮ ಕೈಯಲ್ಲಿಡುತ್ತೇನೆ. ತೂಗಿ ನೋಡಿಕೊಳ್ಳಿ.

ಇಂತಿ,
ತಮ್ಮ ಅಳತೆಯಲ್ಲಿ ಒಂದು ಮಿಲಿಮೀಟರ್ ಹೆಚ್ಚಾಗಿ ಹೋದ
ವೆಂಕಟೇಶಪ್ಪ, ಮಂಜುಶ್ರೀಯ ಅಪ್ಪ
ಚಿಕ್ಕಬಾಣಾವರ

ಇನ್ನೊಂದು ಮಾತು, ಇದನ್ನ ಮಗಳಿಗೆ ಹೇಳಬೇಡಿ. ಅಂದು ಸೀಟ್ ಕವರ್ ನೋಡಿದಿರಿ, ಚಕ್ರ ಎತ್ತಿದಿರಿ, ಆದರೆ ಒಂದು ಕಾರಿನ ಚಕ್ರದ ನಟ್ಟನ್ನೂ ತಾವು ಮುಟ್ಟಲಿಲ್ಲ. ತಪಾಸಣೆ ಅಂದರೆ ನಟ್ಟು ನೋಡೋದೇ ಅಂದುಕೊಂಡು ನಾನು ಇಷ್ಟು ದಿನ ಧೈರ್ಯವಾಗಿದ್ದೆ. ಭಾನುವಾರ ಅವಳು ಹೊರಡುವ ಮುಂಚೆ ದ್ಯಾಮಣ್ಣ ಬಿಗಿ ಮಾಡಿರುತ್ತಾನೆ, ಅವಳೂ ನೋಡಿರುತ್ತಾಳೆ, ನಾನಂತೂ ನೋಡಿರುತ್ತೇನೆ. ಆದರೂ, ದಯವಿಟ್ಟು, ಎಡಗಡೆ ಮುಂದಿನ ಚಕ್ರದ ನಟ್ಟುಗಳನ್ನು ತಾವೂ ಇನ್ನೊಮ್ಮೆ ನೋಡಿ.